ಚಿನ್ನ ಹೋಗುತ್ತದೆ, ಕಲ್ಲಿನ ಪುಡಿ ಉಳಿಯುತ್ತದೆ

(ಚಿನ್ನದ ಗಣಿ ಮತ್ತು ಪರಿಸರದ ಬಗ್ಗೆ ಮಾಡಿದ ಸಾರ್ವಜನಿಕ ಉಪನ್ಯಾಸವನ್ನು ಬರಹಕ್ಕೆ ಇಳಿಸಿದ್ದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಇವತ್ತಿನ ದೊಡ್ಡ ತೆರೆದ ಗಣಿಗಳಲ್ಲಿ ಒಂದು ಟನ್ ಅದಿರಿಗೆ ಒಂದು ಗ್ರಾಂ ಚಿನ್ನ ಸಿಕ್ಕರೆ ಸಾಕು, ಗಣಿ ನಡೆಯುತ್ತದೆ. ಎಷ್ಟೋ ಕಡೆ ಅರ್ಧ ಗ್ರಾಂ ಸಿಕ್ಕರೂ ಅಗೆಯುತ್ತಾರೆ. ಐದು ಗ್ರಾಂನ ಒಂದು ಉಂಗುರಕ್ಕೆ ಐದು ಟನ್ ಅದಿರು ಬೇಕು ಅಂತಾಯಿತು. ಅಷ್ಟೇ ಅಲ್ಲ. ಅದಿರಿನ ಮೇಲೆ, ಪಕ್ಕದಲ್ಲಿ ಕೂತಿರುವ ಬರೀ ಕಲ್ಲನ್ನು ಮೊದಲು ಸರಿಸಬೇಕಲ್ಲ? ಅದು ಸಾಮಾನ್ಯವಾಗಿ ಅದಿರಿನ ಎರಡು ಮೂರು ಪಟ್ಟು ಇರುತ್ತದೆ. ಎಲ್ಲ ಸೇರಿದರೆ ಹದಿನೈದು ಇಪ್ಪತ್ತು ಟನ್. ಒಂದು ಉಂಗುರಕ್ಕೆ.

ಆ ಅದಿರನ್ನು ಕೈಯಲ್ಲಿ ಹಿಡಿದು ನೋಡಿದರೆ ಚಿನ್ನ ಕಾಣುವುದಿಲ್ಲ. ಬೂದು ಬಣ್ಣದ ಸಾದಾ ಕಲ್ಲು, ಅಷ್ಟೇ. ಚಿನ್ನ ಇದೆ ಅಂತ ಹೇಳುವುದು ಪ್ರಯೋಗಾಲಯದ ವರದಿ. ಹಿಂದಿನ ಕಾಲದಲ್ಲಿ ಕಲ್ಲಿನ ನಡುವೆ ಹಳದಿ ಗೆರೆ ಕಂಡು ಅದರ ಹಿಂದೆ ಸುರಂಗ ಕೊರೆಯುತ್ತಿದ್ದರು. ಅಂಥ ಕಲ್ಲು ಬಹುಮಟ್ಟಿಗೆ ಮುಗಿದಿದೆ. ಈಗ ಇಡೀ ಬೆಟ್ಟವನ್ನೇ ಪುಡಿ ಮಾಡಿ, ರಾಸಾಯನಿಕದಲ್ಲಿ ತೊಳೆದು, ಆ ಒಂದು ಗ್ರಾಂ ಹೊರಗೆ ತೆಗೆಯಬೇಕು.

ಚಿನ್ನದ ಗಣಿಯಿಂದ ಹಾನಿ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಗುಂಡಿ. ಫೋಟೋಗಳಲ್ಲೂ ಅದೇ ಇರುತ್ತದೆ. ಆದರೆ ನನ್ನ ಪ್ರಕಾರ ಗುಂಡಿ ಅಷ್ಟು ದೊಡ್ಡ ಸಮಸ್ಯೆ ಅಲ್ಲ. ಗುಂಡಿಯಿಂದ ಮೇಲೆ ಬಂದು ಪುಡಿಯಾಗಿ ಕೂತಿರುವ ಕಲ್ಲೇ ಸಮಸ್ಯೆ. ಚಿನ್ನ ಹತ್ತು ಹದಿನೈದು ವರ್ಷದಲ್ಲಿ ಊರು ಬಿಟ್ಟು ಹೋಗುತ್ತದೆ. ಕಂಪನಿಯೂ ಹೋಗುತ್ತದೆ. ಪುಡಿ ಅಲ್ಲೇ ಇರುತ್ತದೆ, ಅದನ್ನು ಯಾರಾದರೂ ಕಾಯುತ್ತಾ ಇರಬೇಕು. ಎಷ್ಟು ವರ್ಷ, ಯಾರ ದುಡ್ಡಲ್ಲಿ ಅನ್ನುವುದೇ ಇವತ್ತಿನ ನನ್ನ ಮಾತಿನ ವಿಷಯ.

ಸೈನೈಡ್‌ನಿಂದ ಶುರು ಮಾಡೋಣ. ಜನ ಹೆಚ್ಚು ಹೆದರುವುದು ಅದಕ್ಕೇ.

1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜಾನ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸೇರಿ ಒಂದು ವಿಧಾನ ಕಂಡುಹಿಡಿದರು. ಚಿನ್ನ ಆಮ್ಲಕ್ಕೂ ಸುಲಭಕ್ಕೆ ಬಗ್ಗದ ಲೋಹ. ಆದರೆ ತೀರಾ ತೆಳುವಾದ ಸೈನೈಡ್ ದ್ರಾವಣದಲ್ಲಿ, ಗಾಳಿಯ ಆಮ್ಲಜನಕ ಜೊತೆಗಿದ್ದರೆ, ಅದು ಕರಗುತ್ತದೆ. ಈ ಒಂದು ರಸಾಯನಶಾಸ್ತ್ರದ ಮೇಲೆ ಇವತ್ತಿಗೂ ಜಗತ್ತಿನ ಹೆಚ್ಚಿನ ಚಿನ್ನದ ಉದ್ಯಮ ನಿಂತಿದೆ.

ಕಡಿಮೆ ದರ್ಜೆಯ ಅದಿರಾದರೆ ಹೀಗೆ ಮಾಡುತ್ತಾರೆ. ದೊಡ್ಡ ಮೈದಾನಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಅದರ ಮೇಲೆ ಜಲ್ಲಿಯಷ್ಟು ದಪ್ಪಕ್ಕೆ ಒಡೆದ ಅದಿರನ್ನು ಹತ್ತಾರು ಮೀಟರ್ ಎತ್ತರಕ್ಕೆ ರಾಶಿ ಹಾಕುತ್ತಾರೆ. ರಾಶಿಯ ತಲೆಯ ಮೇಲೆ ಪೈಪು ಎಳೆಯುತ್ತಾರೆ. ತೋಟಕ್ಕೆ ಹನಿ ನೀರಾವರಿ ಮಾಡಿದ ಹಾಗೆಯೇ. ತೊಟ್ಟಿಕ್ಕುವುದು ಮಾತ್ರ ಸೈನೈಡ್. ಲೀಟರಿಗೆ ಅರ್ಧ ಗ್ರಾಂಗಿಂತಲೂ ಕಡಿಮೆ ಇರುತ್ತದೆ. ಜೊತೆಗೆ ಸುಣ್ಣ ಬೆರೆಸಿರುತ್ತಾರೆ. ಯಾಕೆ ಅಂದರೆ ದ್ರಾವಣದ ಪಿಎಚ್ (ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ) ಹತ್ತಕ್ಕಿಂತ ಕೆಳಗೆ ಇಳಿದರೆ ಅದು ವಿಷಾನಿಲವಾಗಿ ಮೇಲೇಳಲು ಶುರುವಾಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ತೊಟ್ಟಿಕ್ಕಿ, ತಳದಲ್ಲಿ ಇಳಿದು ಬಂದ ದ್ರಾವಣವನ್ನು ಇದ್ದಿಲಿನ ಮೇಲೆ ಹರಿಸುತ್ತಾರೆ. ಇದ್ದಿಲು ಚಿನ್ನವನ್ನು ಹಿಡಿದುಕೊಳ್ಳುತ್ತದೆ. ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು ತೆಂಗಿನ ಚಿಪ್ಪಿನ ಇದ್ದಿಲು. ಗಟ್ಟಿ ಇರುತ್ತದೆ, ಬೇಗ ಪುಡಿಯಾಗುವುದಿಲ್ಲ.

ಈಗ ಕೆಲವರಿಗೆ ಇಷ್ಟವಾಗದ ಒಂದು ಮಾತು ಹೇಳುತ್ತೇನೆ. ಚಿನ್ನದ ಗಣಿಯ ವಿಷಗಳ ಪೈಕಿ ಸೈನೈಡ್ ಅತಿ ಕೆಟ್ಟದ್ದಲ್ಲ. ಕೊಲ್ಲುವುದು ಬೇಗ, ನಿಜ. ಆದರೆ ಬಿಸಿಲಿಗೆ, ಗಾಳಿಗೆ ಒಡೆದು ಹೋಗುತ್ತದೆ. ಮೀನಿನ ಮೈಯಲ್ಲಿ ವರ್ಷಗಟ್ಟಲೆ ಸೇರಿಕೊಂಡು ಕೂರುವುದಿಲ್ಲ. ಪಾದರಸ, ಆರ್ಸೆನಿಕ್, ಸೀಸ ಹಾಗಲ್ಲ. ಅವು ಮೂಲವಸ್ತುಗಳು, ಒಡೆಯಲು ಅಲ್ಲಿ ಏನೂ ಇಲ್ಲ.

ಹಾಗಂತ ಸೈನೈಡ್ ಸಾಧು ಅಂತಲ್ಲ. 2000ನೇ ಇಸವಿ ಜನವರಿ 30ರ ರಾತ್ರಿ ರುಮೇನಿಯಾದ ಬಾಯಾ ಮಾರೆ ಪಟ್ಟಣದ ಹತ್ತಿರ ಗಣಿಯ ಪುಡಿ ಮತ್ತು ನೀರನ್ನು ತಡೆದಿಡುವ ಅಣೆಕಟ್ಟು ಒಡೆಯಿತು. ಮಳೆಯೂ ಬಂದಿತ್ತು, ಹಿಮವೂ ಕರಗುತ್ತಿತ್ತು. ಒಳಗೆ ನೀರು ಏರುತ್ತಾ ಹೋಗಿ ಕಟ್ಟೆ ಕೊಚ್ಚಿಕೊಂಡು ಹೋಯಿತು. ಸುಮಾರು 1 ಲಕ್ಷ ಘನ ಮೀಟರ್ ಸೈನೈಡ್ ನೀರು ಹೊಳೆಗೆ ಬಿತ್ತು. ಅಲ್ಲಿಂದ ಹಂಗೇರಿಯ ಟಿಸಾ ನದಿಗೆ, ಟಿಸಾದಿಂದ ಡ್ಯಾನ್ಯೂಬಿಗೆ, ಕೊನೆಗೆ ಕಪ್ಪು ಸಮುದ್ರಕ್ಕೆ. ಹಂಗೇರಿ ಸಾವಿರ ಟನ್ನಿಗೂ ಜಾಸ್ತಿ ಮೀನು ಸತ್ತ ಲೆಕ್ಕ ಕೊಟ್ಟಿತು. ದಂಡೆಯ ಊರುಗಳು ಕುಡಿಯುವ ನೀರು ಎತ್ತುವುದನ್ನು ನಿಲ್ಲಿಸಬೇಕಾಯಿತು. 2009ರಲ್ಲಿ ಹಂಗೇರಿ ತನ್ನ ನೆಲದಲ್ಲಿ ಗಣಿಗೆ ಸೈನೈಡ್ ಬಳಸುವುದನ್ನೇ ನಿಷೇಧಿಸಿತು.

ಇದರಲ್ಲಿ ನನ್ನನ್ನು ಕಾಡುವ ವಿವರ ಬೇರೆ ಇದೆ. ಅದು ಹೊಸ ಗಣಿಯೇ ಆಗಿರಲಿಲ್ಲ. ಊರಿನ ಪಕ್ಕ ಹಳೆಯ ಗಣಿಗಳ ಪುಡಿ ರಾಶಿ ಬಿದ್ದಿತ್ತು, ದೂಳು ಮನೆಗಳಿಗೆ ಬರುತ್ತಿತ್ತು. ಆ ರಾಶಿಯನ್ನು ಎತ್ತಿ, ಉಳಿದ ಚೂರುಪಾರು ಚಿನ್ನ ತೆಗೆದು, ದೂರದಲ್ಲಿ ಹೊಸ ಕಟ್ಟೆಯೊಳಗೆ ಇಡುತ್ತೇವೆ ಅನ್ನುವುದು ಯೋಜನೆ. ಹೊರಗೆ ಒಂದು ಹನಿಯೂ ಬಿಡದೆ ನೀರನ್ನು ಸುತ್ತಿಸಿ ಸುತ್ತಿಸಿ ಬಳಸುವ ವ್ಯವಸ್ಥೆ ಅಂತ ಹೇಳಿದ್ದರು. ಮೇಲಿಂದ ಬೀಳುವ ಮಳೆ ನೀರು ಎಲ್ಲಿಗೆ ಹೋಗಬೇಕು ಅನ್ನುವ ಲೆಕ್ಕ ಮಾತ್ರ ಸರಿ ಇರಲಿಲ್ಲ.

ಇನ್ನು ಕಲ್ಲಿನ ವಿಷಯಕ್ಕೆ ಬರೋಣ.

ಚಿನ್ನ ಇರುವ ಕಡೆ ಬಹಳಷ್ಟು ಸಲ ಪೈರೈಟ್ ಇರುತ್ತದೆ. ಕಬ್ಬಿಣ ಮತ್ತು ಗಂಧಕ ಸೇರಿದ, ಹಿತ್ತಾಳೆ ಹಾಗೆ ಹೊಳೆಯುವ ಖನಿಜ. ನೆಲದೊಳಗೆ ಗಾಳಿ ತಾಗದೆ ಕೋಟ್ಯಂತರ ವರ್ಷ ಸುಮ್ಮನೆ ಇರುತ್ತದೆ. ಅದನ್ನು ಮೇಲಕ್ಕೆ ತಂದು ಪುಡಿ ಮಾಡಿ ಮಳೆಗೆ ಇಟ್ಟರೆ ಗಂಧಕಾಮ್ಲ ಆಗುತ್ತದೆ. ಇದಕ್ಕೆ ಕಾರ್ಖಾನೆ ಬೇಡ. ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ, ಅವು ಸೇರಿಕೊಂಡರೆ ಈ ಕ್ರಿಯೆಯ ವೇಗ ಲಕ್ಷಾಂತರ ಪಟ್ಟು ಏರುತ್ತದೆ. ಆಮ್ಲ ಮುಂದೆ ಹರಿಯುತ್ತಾ ಕಲ್ಲಿನಲ್ಲಿರುವ ತಾಮ್ರ, ಸತು, ಕ್ಯಾಡ್ಮಿಯಂ, ಆರ್ಸೆನಿಕ್ ಎಲ್ಲವನ್ನೂ ಕರಗಿಸಿಕೊಂಡು ಹೋಗುತ್ತದೆ. ಹಳ್ಳದ ತಳ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನೀರು ಮಾತ್ರ ಕೆಲವೊಮ್ಮೆ ಕನ್ನಡಿಯಷ್ಟು ತಿಳಿಯಾಗಿ ಕಾಣುತ್ತದೆ. ಅದರಲ್ಲಿ ಪಾಚಿಯೂ ಬೆಳೆಯದ ಕಾರಣಕ್ಕೆ.

ಇದು ಎಲ್ಲಿಯವರೆಗೆ ಹೋಗಬಹುದು? ಕ್ಯಾಲಿಫೋರ್ನಿಯಾದಲ್ಲಿ ಐರನ್ ಮೌಂಟನ್ ಅಂತ ಒಂದು ಹಳೆಯ ಗಣಿ ಇದೆ. ಚಿನ್ನ, ಬೆಳ್ಳಿ, ತಾಮ್ರ, ಸತು ಎಲ್ಲ ತೆಗೆದ ಬೆಟ್ಟ. 1963ರಲ್ಲಿ ಮುಚ್ಚಿತು. ಅದರ ಸುರಂಗದೊಳಗಿನ ನೀರನ್ನು ವಿಜ್ಞಾನಿಗಳು ಅಳೆದಾಗ ಪಿಎಚ್ ಮೈನಸ್ 3.6 ಬಂತು. ಶಾಲೆಯಲ್ಲಿ ನಮಗೆ ಪಿಎಚ್ ಸೊನ್ನೆಯಿಂದ ಹದಿನಾಲ್ಕರ ತನಕ ಅಂತ ಕಲಿಸಿದ್ದರು, ಅಲ್ವಾ? ಇದು ಸೊನ್ನೆಗಿಂತ ಕೆಳಗೆ. ಬ್ಯಾಟರಿ ಆಸಿಡ್ ಇದರ ಮುಂದೆ ಏನೂ ಅಲ್ಲ. ಈಗ ಅಲ್ಲಿ ಹಗಲು ರಾತ್ರಿ ಸುಣ್ಣ ಹಾಕಿ ನೀರನ್ನು ಸರಿಪಡಿಸುವ ಘಟಕ ನಡೆಯುತ್ತಿದೆ. ಬೆಟ್ಟದೊಳಗೆ ಉಳಿದಿರುವ ಪೈರೈಟ್ ಮುಗಿಯಲು ಎರಡೂವರೆ ಮೂರು ಸಾವಿರ ವರ್ಷ ಬೇಕು ಅನ್ನುವುದು ಅವರದೇ ಅಂದಾಜು. ಅಷ್ಟು ದೀರ್ಘ ಕಾಲ ಒಂದೇ ಸಮ ಬಾಳಿದ ಒಂದು ಸರ್ಕಾರ ಇತಿಹಾಸದಲ್ಲಿ ಇದೆಯಾ ಯೋಚಿಸಿ. ಸುಣ್ಣ ಹಾಕುವವರು ಯಾರು?

ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ್ಯಾಂಡ್‌ನಲ್ಲಿ 1886ರಲ್ಲಿ ಚಿನ್ನ ಸಿಕ್ಕಿತು. ಜೊಹಾನ್ಸ್‌ಬರ್ಗ್ ನಗರ ಹುಟ್ಟಿದ್ದೇ ಅದರಿಂದ. ನೂರು ವರ್ಷಕ್ಕೂ ಮೀರಿ ಸುರಂಗಗಳಿಂದ ನೀರನ್ನು ಪಂಪ್ ಮಾಡಿ ಹೊರಗೆ ಹಾಕಿದರು. ಗಣಿಗಳು ಒಂದೊಂದಾಗಿ ಮುಚ್ಚಿದ ಹಾಗೆ ಪಂಪುಗಳೂ ನಿಂತವು. ಸುರಂಗಗಳು ಒಳಗೊಳಗೇ ಒಂದಕ್ಕೊಂದು ಸೇರಿಕೊಂಡಿದ್ದವು. ನೀರು ಏರುತ್ತಾ ಏರುತ್ತಾ 2002ರಲ್ಲಿ ನಗರದ ಪಶ್ಚಿಮಕ್ಕೆ ಒಂದು ಹಳೆಯ ಬಾಯಿಂದ ಆಮ್ಲವಾಗಿ ಹೊರಗೆ ಉಕ್ಕಿತು. ಅಲ್ಲಿಯ ಅದಿರಿನಲ್ಲಿ ಯುರೇನಿಯಂ ಕೂಡ ಇದೆ. ನಗರದ ಅಂಚಿಗೆ ನಿಂತಿರುವ ಹಳದಿ ದಿಬ್ಬಗಳ ದೂಳಿನಲ್ಲೂ ಇದೆ.

ದಿಬ್ಬ ಅಂದಾಗ ಕೋಲಾರದ ಚಿನ್ನದ ಗಣಿಯ ಹೆಸರು ಹೇಳದೆ ಆಗುವುದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಕಾಲಿಟ್ಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆದ ಚಿನ್ನ ಸುಮಾರು 800 ಟನ್. ಹೊರಗೆ ಉಳಿದ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚು. ಜನ ಅವನ್ನು ಸೈನೈಡ್ ದಿಬ್ಬ ಅನ್ನುತ್ತಾರೆ. ಗಾಳಿ ಬೀಸುವ ತಿಂಗಳುಗಳಲ್ಲಿ ಅವುಗಳಿಂದ ಏಳುವುದು ಬಲು ನುಣ್ಣನೆಯ ಕಲ್ಲಿನ ದೂಳು. ಇಂಥ ಸಿಲಿಕಾ ದೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ತರುತ್ತದೆ. ಭಾರತದಲ್ಲಿ ಈ ಕಾಯಿಲೆ ಮೊದಲು ದಾಖಲಾದದ್ದೇ ಕೋಲಾರದ ಗಣಿ ಕಾರ್ಮಿಕರಲ್ಲಿ.

ಈಗ ನಾನು ಸ್ವಲ್ಪ ಹೊತ್ತು ಒಂದೇ ಗಣಿಯ ಹತ್ತಿರ ನಿಲ್ಲುತ್ತೇನೆ. ಕೆನಡಾದ ಉತ್ತರದಲ್ಲಿ ಯೆಲ್ಲೋನೈಫ್ ಅಂತ ಒಂದು ಪಟ್ಟಣ ಇದೆ. ಇಪ್ಪತ್ತು ಸಾವಿರ ಜನ ಇದ್ದಾರೆ, ಪಕ್ಕದಲ್ಲೇ ಸಮುದ್ರದಷ್ಟು ದೊಡ್ಡ ಸರೋವರ. ಅಲ್ಲಿ ಜೈಂಟ್ ಮೈನ್ ಅನ್ನುವ ಗಣಿ 1948ರಿಂದ 2004ರ ತನಕ ನಡೆಯಿತು.

ಅಲ್ಲಿನ ಚಿನ್ನ ಸುಲಭಕ್ಕೆ ಸಿಗುವಂಥದ್ದಲ್ಲ. ಆರ್ಸೆನಿಕ್ ಇರುವ ಖನಿಜದೊಳಗೆ ಬೀಗ ಹಾಕಿದ ಹಾಗೆ ಕೂತಿತ್ತು. ಸೈನೈಡ್ ಒಳಗೆ ಹೋಗಬೇಕಾದರೆ ಮೊದಲು ಅದಿರನ್ನು ಹುರಿಯಬೇಕು. ಹುರಿದರೆ ಆರ್ಸೆನಿಕ್ ಹೊಗೆಯಾಗಿ ಏಳುತ್ತದೆ, ತಣ್ಣಗಾದಾಗ ಬಿಳಿ ಪುಡಿಯಾಗುತ್ತದೆ. ಆರ್ಸೆನಿಕ್ ಟ್ರೈಆಕ್ಸೈಡ್. ರುಚಿ ಇಲ್ಲ, ವಾಸನೆ ಇಲ್ಲ, ನೀರಿನಲ್ಲಿ ಕರಗುತ್ತದೆ. ಮೊದಲ ಕೆಲವು ವರ್ಷ ಆ ಹೊಗೆಯನ್ನು ಹಾಗೇ ಚಿಮಣಿಯಿಂದ ಬಿಟ್ಟರು. ಪುಡಿ ಹಿಮದ ಮೇಲೆ ಬಿತ್ತು. ಅಲ್ಲಿಯ ಮೂಲನಿವಾಸಿ ಡೆನೆ ಜನ ಚಳಿಗಾಲದಲ್ಲಿ ಹಿಮ ಕರಗಿಸಿ ಕುಡಿಯುವವರು. 1951ರಲ್ಲಿ ಆ ವಿಷಕ್ಕೆ ಒಂದು ಪುಟ್ಟ ಮಗು ಸತ್ತಿತು.

ಆಮೇಲೆ ಹೊಗೆಯಿಂದ ಪುಡಿ ಹಿಡಿಯುವ ಯಂತ್ರ ಹಾಕಿದರು. ಹಿಡಿದ ಪುಡಿಯನ್ನು ಏನು ಮಾಡುವುದು? ಗಣಿಯೊಳಗಿನ ಖಾಲಿ ಕೋಣೆಗಳಿಗೆ ತುಂಬಿದರು. ಹೇಗೂ ನೆಲ ಹೆಪ್ಪುಗಟ್ಟಿದೆ, ಅಲ್ಲೇ ಇರುತ್ತದೆ ಅನ್ನುವ ಧೈರ್ಯ. ಗಣಿಗಾರಿಕೆಯ ಬಿಸಿಗೆ ಆ ನೆಲವೇ ಕರಗತೊಡಗಿತು. 1999ರಲ್ಲಿ ಆಗಿನ ಕಂಪನಿ ದಿವಾಳಿ ಎದ್ದಿತು. ನೆಲದಡಿ ಉಳಿದ ಪುಡಿ 2,37,000 ಟನ್. ಇಡೀ ಅವಧಿಯಲ್ಲಿ ಆ ಗಣಿ ಕೊಟ್ಟ ಚಿನ್ನ ಸುಮಾರು 220 ಟನ್. ಒಂದು ಕೆಜಿ ಚಿನ್ನಕ್ಕೆ ಸಾವಿರ ಕೆಜಿಗೂ ಜಾಸ್ತಿ ಆರ್ಸೆನಿಕ್ ಪುಡಿ, ನೀವೇ ಭಾಗಿಸಿ ನೋಡಿ.

ಈಗ ಅದನ್ನು ಸರ್ಕಾರ ನೋಡಿಕೊಳ್ಳುತ್ತಿದೆ. ಉಪಾಯ ಏನು ಗೊತ್ತಾ? ಆ ಕೋಣೆಗಳ ಸುತ್ತ ಉದ್ದುದ್ದ ಕೊಳವೆಗಳನ್ನು ನೆಲಕ್ಕೆ ಇಳಿಸಿ, ಒಳಗಿನ ಶಾಖವನ್ನು ಹೊರಗಿನ ಚಳಿಗೆ ಬಿಟ್ಟು, ಸುತ್ತಲಿನ ಬಂಡೆಯನ್ನೇ ಹೆಪ್ಪುಗಟ್ಟಿಸಿ ಇಡುವುದು. ಶಾಶ್ವತವಾಗಿ. ಅಂದಾಜು ಖರ್ಚು 400 ಕೋಟಿ ಕೆನಡಾ ಡಾಲರಿಗೂ ಮೇಲೆ. ಇದು ಕೊನೆಯ ಪರಿಹಾರ ಅಂತ ಅವರೇ ಒಪ್ಪುವುದಿಲ್ಲ. ನೂರು ವರ್ಷದ ಯೋಜನೆ ಅಂತ ಇಟ್ಟುಕೊಂಡು, ಇಪ್ಪತ್ತು ವರ್ಷಕ್ಕೊಮ್ಮೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿದೆಯಾ ಅಂತ ಪರಿಶೀಲಿಸಬೇಕು ಅನ್ನುವ ಷರತ್ತಿದೆ. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ನೆಲವನ್ನು ತಣ್ಣಗೆ ಇಡುವ ಜವಾಬ್ದಾರಿಯನ್ನು ಮೊಮ್ಮಕ್ಕಳ ಮೊಮ್ಮಕ್ಕಳಿಗೆ ದಾಟಿಸಿದ್ದಾರೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇದು ಜಗತ್ತಿನ ಶ್ರೀಮಂತ ದೇಶಗಳಲ್ಲಿ ಒಂದರ ಕತೆ. ದುಡ್ಡಿದೆ, ಕಾನೂನಿದೆ, ಪ್ರಶ್ನೆ ಕೇಳುವ ಪತ್ರಿಕೆಗಳಿವೆ. ಅಲ್ಲಿಯೇ ಹೀಗೆ.

ಇಲ್ಲಿಯವರೆಗೆ ಹೇಳಿದ್ದು ದೊಡ್ಡ ಕಂಪನಿಗಳ ವಿಷಯ. ಜಗತ್ತಿನ ಚಿನ್ನದ ಸುಮಾರು ಐದನೇ ಒಂದು ಪಾಲು ಬರುವುದು ಸಣ್ಣ ಪ್ರಮಾಣದಲ್ಲಿ ಅಗೆಯುವವರಿಂದ. ಎಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಒಂದೂವರೆ ಎರಡು ಕೋಟಿ ಜನ ಈ ಕೆಲಸದಲ್ಲಿದ್ದಾರೆ. ಅದರಲ್ಲಿ ಹೆಂಗಸರು, ಮಕ್ಕಳು ಲಕ್ಷಗಟ್ಟಲೆ. ಅವರ ಕೈಯಲ್ಲಿರುವುದು ಸೈನೈಡ್‌ಗಿಂತ ಜಾಸ್ತಿ ಪಾದರಸ.

ಕೆಲಸ ಹೀಗೆ. ನದಿ ಮರಳೋ, ಅರೆದ ಕಲ್ಲೋ, ಅದನ್ನು ನೀರಿನಲ್ಲಿ ತೊಳೆದು ಭಾರದ ಭಾಗ ಉಳಿಸಿಕೊಳ್ಳುತ್ತಾರೆ. ಬೋಗುಣಿಗೆ ಹಾಕಿ ಒಂದಿಷ್ಟು ಪಾದರಸ ಸುರಿದು ಬರಿಗೈಯಲ್ಲೇ ಕಲಸುತ್ತಾರೆ. ಚಿನ್ನದ ಕಣಗಳೆಲ್ಲ ಪಾದರಸಕ್ಕೆ ಅಂಟಿಕೊಳ್ಳುತ್ತವೆ. ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಹೆಚ್ಚಿನ ಪಾದರಸ ಕೆಳಗೆ ಸುರಿದು, ಬೆಳ್ಳಿ ಬಣ್ಣದ ಒಂದು ಉಂಡೆ ಕೈಗೆ ಉಳಿಯುತ್ತದೆ. ಆ ಉಂಡೆಯನ್ನು ಬೆಂಕಿಗೆ ಹಿಡಿಯುತ್ತಾರೆ. 357 ಡಿಗ್ರಿಗೆ ಪಾದರಸ ಆವಿಯಾಗಿ ಹೋಗುತ್ತದೆ. ಉಂಡೆ ಹಳದಿಗೆ ತಿರುಗುವುದನ್ನು ಎಲ್ಲರೂ ಬಗ್ಗಿ ನೋಡುತ್ತಾರೆ. ಆ ಹೊತ್ತಿಗೆ ಎಲ್ಲರ ಮೂಗೂ ಅದರ ಹತ್ತಿರವೇ ಇರುತ್ತದೆ.

ಕಲ್ಲಿದ್ದಲು ಸುಡುವುದಕ್ಕಿಂತಲೂ ಈ ಉಂಡೆ ಸುಡುವುದರಿಂದಲೇ ಜಾಸ್ತಿ ಪಾದರಸ ಗಾಳಿಗೆ ಸೇರುತ್ತಿದೆ. ವಿಶ್ವಸಂಸ್ಥೆಯ 2018ರ ವರದಿಯ ಪ್ರಕಾರ ಮನುಷ್ಯರಿಂದ ಗಾಳಿಗೆ ಸೇರುವ ಪಾದರಸದಲ್ಲಿ ಶೇಕಡಾ 38ರಷ್ಟು ಸಣ್ಣ ಚಿನ್ನದ ಗಣಿಗಳದ್ದು. ವರ್ಷಕ್ಕೆ 800 ಟನ್ನಿಗೂ ಹೆಚ್ಚು. ಗಾಳಿಗೆ ಹೋದದ್ದು ಮಳೆಯೊಂದಿಗೆ ಇಳಿಯುತ್ತದೆ. ಕೆಸರಿನಲ್ಲಿ, ಆಮ್ಲಜನಕ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಮಿಥೈಲ್ ಪಾದರಸ ಮಾಡುತ್ತವೆ. ಅದು ಸಣ್ಣ ಹುಳದಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಹೋಗುತ್ತಾ ಪ್ರತಿ ಹಂತದಲ್ಲೂ ದಟ್ಟವಾಗುತ್ತದೆ. ಗರ್ಭಿಣಿ ಮೀನು ತಿಂದರೆ ಹೊಟ್ಟೆಯೊಳಗಿನ ಮಗುವಿನ ಮೆದುಳಿಗೆ ಹೋಗುತ್ತದೆ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆಯ ಹಿಂದೆ ಇದ್ದದ್ದು ಇದೇ ವಿಷ. ಅಲ್ಲಿ ಅದನ್ನು ಬಿಟ್ಟದ್ದು ರಾಸಾಯನಿಕ ಕಾರ್ಖಾನೆ. ಪಾದರಸ ತಡೆಯಲು ಆ ಊರಿನ ಹೆಸರಲ್ಲೇ ಆದ ಅಂತಾರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು.

ಪಾದರಸ ಎಷ್ಟು ಕಾಲ ಉಳಿಯುತ್ತದೆ ಅನ್ನುವುದಕ್ಕೆ ಕ್ಯಾಲಿಫೋರ್ನಿಯಾವನ್ನೇ ಮತ್ತೆ ನೋಡಬಹುದು. 1848ರ ನಂತರ ಅಲ್ಲಿ ಚಿನ್ನಕ್ಕೆ ಜನ ಮುಗಿಬಿದ್ದರು. ದೊಡ್ಡ ಕೊಳವೆಗಳಿಂದ ರಭಸದ ನೀರು ಹಾಯಿಸಿ ಗುಡ್ಡಗಳನ್ನೇ ಕರಗಿಸಿದರು. ಕೆಳಗಿನ ಹೊಲಗಳೆಲ್ಲ ಹೂಳು ತುಂಬಿ, ರೈತರು ಕೋರ್ಟಿಗೆ ಹೋದರು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಹೂಳನ್ನು ನದಿಗೆ ಬಿಡಕೂಡದು ಅಂತ ತೀರ್ಪು ಕೊಟ್ಟರು. ಆ ಥರದ ಗಣಿಗಾರಿಕೆ ಬಹುಮಟ್ಟಿಗೆ ಅಲ್ಲಿಗೆ ನಿಂತಿತು. ಆದರೆ ಆಗ ಚೆಲ್ಲಿದ ಪಾದರಸ ಸಾವಿರಾರು ಟನ್. ಅದು ಇವತ್ತಿಗೂ ಹಳ್ಳದ ತಳದಲ್ಲಿ ಸಿಗುತ್ತದೆ. ಆ ಕಡೆಯ ಕೆಲವು ಕೆರೆ, ನದಿಗಳ ಮೀನನ್ನು ಇಷ್ಟಕ್ಕಿಂತ ಜಾಸ್ತಿ ತಿನ್ನಬೇಡಿ ಅನ್ನುವ ಸರ್ಕಾರಿ ಎಚ್ಚರಿಕೆ ಈಗಲೂ ಇದೆ.

ಕಾಡಿನ ವಿಷಯ ಬೇಗ ಮುಗಿಸುತ್ತೇನೆ, ಇದು ಉಪಗ್ರಹ ಚಿತ್ರಗಳಲ್ಲಿ ಎಲ್ಲರೂ ನೋಡಿರುವುದೇ. ಪೆರುವಿನ ಮಾದ್ರೆ ದೆ ದಿಯೋಸ್ ಪ್ರದೇಶದಲ್ಲಿ ಅಮೆಜಾನ್ ಕಾಡು 1 ಲಕ್ಷ ಹೆಕ್ಟೇರಿಗೂ ಹೆಚ್ಚು ಚಿನ್ನಕ್ಕೆ ಹೋಗಿದೆ. ಮರ ಕಡಿದು, ಪಂಪಿನಿಂದ ನೆಲವನ್ನೇ ಹೀರಿ, ಜೇಡಿಯನ್ನೆಲ್ಲ ತೊಳೆದುಬಿಡುತ್ತಾರೆ. ಉಳಿಯುವುದು ಮರಳು ಮತ್ತು ಹೊಂಡ. ಬೇಸಾಯಕ್ಕೆ ಕಡಿದ ಕಾಡು ಬಿಟ್ಟರೆ ಮತ್ತೆ ಚಿಗುರುತ್ತದೆ. ಇಲ್ಲಿ ಬೇರು ಹಿಡಿಯಲು ಮಣ್ಣೇ ಇಲ್ಲ. ಬ್ರೆಜಿಲ್‌ನಲ್ಲಿ ಯಾನೊಮಾಮಿ ಅನ್ನುವ ಮೂಲನಿವಾಸಿ ಜನರ ನೆಲಕ್ಕೆ ಸಾವಿರಾರು ಅಕ್ರಮ ಗಣಿಗಾರರು ನುಗ್ಗಿದರು. ನೀರು, ಮೀನು ಎರಡೂ ಹಾಳಾಗಿ, ಮಲೇರಿಯಾ ಹಬ್ಬಿ, ಮಕ್ಕಳು ಹಸಿವಿನಿಂದ ಸಾಯತೊಡಗಿದ ಮೇಲೆ 2023ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು.

ನೈಜೀರಿಯಾದ ಜಂಫಾರಾ ರಾಜ್ಯದಲ್ಲಿ ನಡೆದದ್ದನ್ನು ಮಾತ್ರ ಬಿಡಿಸಿ ಹೇಳಬೇಕು. ಅಲ್ಲಿ ಪಾದರಸವೂ ಅಲ್ಲ, ಸೈನೈಡೂ ಅಲ್ಲ. ಬರೀ ಕಲ್ಲು. ಆ ಪ್ರದೇಶದ ಚಿನ್ನದ ಅದಿರಿನಲ್ಲಿ ಸೀಸ ಬಹಳ ಇತ್ತು. ಗಂಡಸರು ಕಲ್ಲನ್ನು ಊರಿಗೆ ತರುತ್ತಿದ್ದರು. ಅಂಗಳದಲ್ಲಿ ಒಡೆಯುತ್ತಿದ್ದರು. ಧಾನ್ಯ ಬೀಸುವ ಮಿಷನ್ನಿನಲ್ಲೇ ಅದನ್ನು ಪುಡಿ ಮಾಡುತ್ತಿದ್ದರು. ದೂಳು ನೆಲದ ಮೇಲೆ, ಪಾತ್ರೆಯ ಮೇಲೆ, ತೆವಳುವ ಮಕ್ಕಳ ಕೈಮೇಲೆ. 2010ರಲ್ಲಿ ವೈದ್ಯರು ಆ ಹಳ್ಳಿಗಳಿಗೆ ಹೋದಾಗ ಮಕ್ಕಳು ಫಿಟ್ಸ್ ಬಂದು ಸಾಯುತ್ತಿದ್ದರು. ಮೊದಲು ಮಲೇರಿಯಾ ಅಂದುಕೊಂಡಿದ್ದರು. ಕೆಲವೇ ತಿಂಗಳಲ್ಲಿ ಐದು ವರ್ಷದೊಳಗಿನ ಕನಿಷ್ಠ 400 ಮಕ್ಕಳು ಸತ್ತಿದ್ದರು. ಚಿಕಿತ್ಸೆ ಕೊಡುವ ಮುಂಚೆ ಅಂಗಳದ ಮೇಲ್ಮಣ್ಣನ್ನೆಲ್ಲ ಕೆರೆದು ತೆಗೆಯಬೇಕಾಯಿತು. ಇಲ್ಲದಿದ್ದರೆ ಗುಣವಾಗಿ ಮನೆಗೆ ಹೋದ ಮಗು ಮತ್ತೆ ಅದೇ ದೂಳಿಗೆ ಹೋಗುತ್ತಿತ್ತು.

ಇಂಥವರನ್ನು ಪರಿಸರ ಹಾಳು ಮಾಡುವ ಖದೀಮರು ಅಂತ ಬಯ್ಯುವುದು ಸುಲಭ. ನಾನು ಬಯ್ಯುವುದಿಲ್ಲ. ಒಂದು ಕಡೆ ಸುಗ್ಗಿ ಕೈಕೊಟ್ಟಿರುತ್ತದೆ, ಇನ್ನೊಂದು ಕಡೆ ಅವತ್ತೇ ಸಂಜೆ ದುಡ್ಡು ಕೊಡುವ ವ್ಯಾಪಾರಿ ನಿಂತಿರುತ್ತಾನೆ. ಪಾದರಸದ ಆವಿಯನ್ನು ಹಿಡಿದು ಮತ್ತೆ ದ್ರವ ಮಾಡುವ ಮುಚ್ಚಿದ ಪಾತ್ರೆಗಳಿವೆ. ಸರಿಯಾಗಿ ಬಳಸಿದರೆ ಹತ್ತರಲ್ಲಿ ಒಂಬತ್ತು ಪಾಲು ಪಾದರಸ ವಾಪಸ್ ಸಿಗುತ್ತದೆ. ಹಲವು ಕಡೆ ಹಂಚಿದ್ದಾರೆ, ಮೂಲೆ ಸೇರಿವೆ. ಕಾರಣ ಕೇಳಿದರೆ, ಸುಡಲು ಹೊತ್ತು ಜಾಸ್ತಿ ಹಿಡಿಯುತ್ತದೆ, ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ನಾಲ್ಕು ಜನ ಪಾಲುದಾರರಿರುವಾಗ ಚಿನ್ನ ಕಣ್ಣಿಗೆ ಕಾಣದಿದ್ದರೆ ನಂಬಿಕೆ ಹುಟ್ಟುವುದಿಲ್ಲ. ಯೋಜನೆ ಮಾಡುವವರು ಇದನ್ನು ಮೊದಲೇ ಕೇಳಿಕೊಂಡಿದ್ದರೆ ಗಾಜಿನ ಮುಚ್ಚಳ ಇಡುತ್ತಿದ್ದರೇನೋ.

ಮತ್ತೆ ದುಡ್ಡಿನ ಪ್ರಶ್ನೆ. ಹಲವು ದೇಶಗಳಲ್ಲಿ ಗಣಿ ಮುಚ್ಚುವ ಖರ್ಚಿಗೆ ಮೊದಲೇ ಠೇವಣಿ ಇಡಬೇಕು ಅನ್ನುವ ನಿಯಮ ಇದೆ. ಅಮೆರಿಕದ ಕೊಲರಾಡೊದಲ್ಲಿ ಸಮ್ಮಿಟ್‌ವಿಲ್ ಗಣಿ 1992ರಲ್ಲಿ ದಿವಾಳಿಯಾದಾಗ ಠೇವಣಿ ಏನೇನೂ ಸಾಲಲಿಲ್ಲ. ಅದಿರಿನ ರಾಶಿಯಡಿಯ ಪ್ಲಾಸ್ಟಿಕ್ ಹಾಳೆ ಸೋರುತ್ತಿತ್ತು, ಸೈನೈಡ್ ಕೊಳ ಉಕ್ಕುವ ಸ್ಥಿತಿಯಲ್ಲಿತ್ತು. ಸರ್ಕಾರ ರಾತ್ರೋರಾತ್ರಿ ಪಂಪುಗಳನ್ನು ವಹಿಸಿಕೊಳ್ಳಬೇಕಾಯಿತು. ಗಣಿ ನಡೆದದ್ದು ಏಳೆಂಟು ವರ್ಷವೂ ಇಲ್ಲ. ಸ್ವಚ್ಛ ಮಾಡಲು ಜನರ ತೆರಿಗೆಯಿಂದ ಹೋದದ್ದು 15 ಕೋಟಿ ಡಾಲರಿಗೂ ಜಾಸ್ತಿ. ಇಂಥ ಕಡೆ ಲಾಭ ಒಬ್ಬರಿಗೆ, ಕಾವಲು ಇನ್ನೊಬ್ಬರಿಗೆ. ಇನ್ನು ಪಪುವಾ ನ್ಯೂಗಿನಿಯ ಪೊರ್ಗೆರಾದಂಥ ಗಣಿಗಳಲ್ಲಿ ಅಣೆಕಟ್ಟಿನ ತಲೆನೋವೇ ಬೇಡ ಅಂತ ಪುಡಿಯನ್ನು ನೇರ ನದಿಗೇ ಬಿಟ್ಟಿದ್ದಾರೆ. ಅನುಮತಿ ಪಡೆದೇ.

ಇಷ್ಟು ಹೇಳಿ ಮಾತು ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳು:

“ಸರ್, ಹಾಗಾದರೆ ಚಿನ್ನ ಕೊಳ್ಳಲೇಬಾರದಾ?” ಅಂತ ಒಬ್ಬರು ಕೇಳಿದರು.

ನಾನು ಹಾಗೆ ಹೇಳಲು ಬಂದಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ. ಆದರೆ ಒಂದು ವಿಷಯ ಗೊತ್ತಿರಲಿ. ಮನುಷ್ಯರು ಇಲ್ಲಿಯವರೆಗೆ ತೆಗೆದ ಚಿನ್ನ 2 ಲಕ್ಷ ಟನ್ನಿಗೂ ಹೆಚ್ಚು. ಅದು ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಬಹುತೇಕ ಎಲ್ಲವೂ ಒಡವೆಯಾಗಿ, ಗಟ್ಟಿಯಾಗಿ ನೆಲದ ಮೇಲೆಯೇ ಇದೆ. ಪ್ರತಿ ವರ್ಷ ಮಾರುಕಟ್ಟೆಗೆ ಬರುವ ಚಿನ್ನದಲ್ಲಿ ಸುಮಾರು ಕಾಲು ಭಾಗ ಹಳೆಯದನ್ನು ಕರಗಿಸಿದ್ದು. ಎಲೆಕ್ಟ್ರಾನಿಕ್ಸ್‌ನಂಥ ಕೆಲಸಕ್ಕೆ ಬೇಕಾಗುವುದು ಹತ್ತನೇ ಒಂದು ಪಾಲಿಗಿಂತ ಕಡಿಮೆ. ಹಳೆಯ ಒಡವೆ ಕರಗಿಸಿ ಹೊಸದು ಮಾಡಿಸಿದರೆ ಯಾವ ಬೆಟ್ಟವೂ ಪುಡಿಯಾಗುವುದಿಲ್ಲ. ಹಳೆಯ ಮೊಬೈಲುಗಳಲ್ಲೂ ಚಿನ್ನ ಇದೆ. ಟನ್ನಿನ ಲೆಕ್ಕದಲ್ಲಿ ನೋಡಿದರೆ ಅದಿರಿಗಿಂತ ನೂರು ಪಟ್ಟಿಗೂ ಜಾಸ್ತಿ. ಆದರೆ ಅದನ್ನು ಬೀದಿ ಬದಿಯಲ್ಲಿ ಆಸಿಡ್ ಸುರಿದು ತೆಗೆದರೆ ಮತ್ತೆ ಅದೇ ಕತೆ.

ಒಬ್ಬ ವಿದ್ಯಾರ್ಥಿನಿ ಸೈನೈಡ್ ಇಲ್ಲದೆ ಚಿನ್ನ ತೆಗೆಯಲು ಆಗುವುದಿಲ್ಲವಾ ಅಂತ ಕೇಳಿದಳು.

ಆಗುತ್ತದೆ. ಅಮೆರಿಕದ ನೆವಾಡಾದಲ್ಲಿ ಗೋಲ್ಡ್‌ಸ್ಟ್ರೈಕ್ ಗಣಿಯಲ್ಲಿ 2014ರಿಂದ ಕೆಲವು ವರ್ಷ ಒಂದು ಬಗೆಯ ಅದಿರಿಗೆ ಥಯೋಸಲ್ಫೇಟ್ ಅನ್ನುವ ರಾಸಾಯನಿಕ ಬಳಸಿದರು. ಅದು ಸೈನೈಡ್‌ನಷ್ಟು ವಿಷ ಅಲ್ಲ. ಎಲ್ಲ ಅದಿರಿಗೂ ಹೊಂದುವುದಿಲ್ಲ, ಖರ್ಚೂ ಇದೆ. ಆದರೆ ಪೈರೈಟ್, ಆರ್ಸೆನಿಕ್ ಇರುವ ಪುಡಿ ಅಲ್ಲೂ ಉಳಿಯುತ್ತದೆ ತಾನೇ? ಅದಕ್ಕೇ ನಾನು ಮೊದಲೇ ಹೇಳಿದೆ, ಸೈನೈಡ್ ಒಂದನ್ನೇ ಹಿಡಿದು ಹೋರಾಡಿದರೆ ಅರ್ಧ ಕೆಲಸವೂ ಆಗುವುದಿಲ್ಲ.

ಹಿರಿಯರೊಬ್ಬರು ಎದ್ದು, ಒಂದು ಊರಿನ ಪಕ್ಕ ಗಣಿ ಬರುತ್ತದೆ ಅಂದಾಗ ಊರಿನವರು ಏನು ಕೇಳಬೇಕು, ಅಷ್ಟು ಹೇಳಿ ಅಂದರು. ಇಡೀ ಸಂಜೆಯ ಒಳ್ಳೆಯ ಪ್ರಶ್ನೆ ಇದು.

ಎಷ್ಟು ಜನಕ್ಕೆ ಕೆಲಸ ಅನ್ನುವುದನ್ನು ಅವರಾಗಿಯೇ ಹೇಳುತ್ತಾರೆ, ಬಿಡಿ. ನೀವು ಕಲ್ಲಿನ ವರದಿ ಕೇಳಿ. ಹೊರಗೆ ಹಾಕುವ ಕಲ್ಲು ಮಳೆಗೆ ಆಮ್ಲ ಬಿಡುತ್ತದಾ ಇಲ್ಲವಾ ಅಂತ ಗಣಿ ಶುರುವಾಗುವ ಮೊದಲೇ ಪರೀಕ್ಷೆ ಮಾಡಬಹುದು. ವಾರಗಟ್ಟಲೆ ನೀರು ಹಾಯಿಸಿ ನೋಡುವ ಪರೀಕ್ಷೆ ಅದು. ಅವಸರದಲ್ಲಿ ಮುಗಿಸಿದ್ದರೆ ಒಪ್ಪಬೇಡಿ. ಪುಡಿ ತುಂಬುವ ಕಟ್ಟೆಯನ್ನು ಹೇಗೆ ಎತ್ತರಿಸುತ್ತಾರೆ ಅಂತ ಕೇಳಿ. ಒಳಗಿನ ಹೂಳಿನ ಮೇಲೆಯೇ ಹೊಸ ಕಟ್ಟೆ ಏರಿಸುತ್ತಾ ಹೋಗುವುದು ಅಗ್ಗ, ಆದರೆ ಭೂಕಂಪಕ್ಕೆ ನಿಲ್ಲುವುದಿಲ್ಲ. ಚಿಲಿ ದೇಶ 1965ರ ಒಂದು ದುರಂತದ ನಂತರ ಆ ವಿಧಾನವನ್ನೇ ನಿಷೇಧಿಸಿತು. ಮುಚ್ಚುವ ಠೇವಣಿ ನಗದಾಗಿ ಇದೆಯಾ, ಇಲ್ಲ ಕಂಪನಿಯ ಬರೀ ಭರವಸೆಯಾ ನೋಡಿ.

ಎಲ್ಲಕ್ಕಿಂತ ಮೊದಲು, ಮೊದಲ ಲಾರಿ ಬರುವ ಮುಂಚೆ, ನಿಮ್ಮ ಬಾವಿ, ಬೋರ್‌ವೆಲ್, ಹೊಳೆ ನೀರನ್ನು ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ನಿಮ್ಮ ಖರ್ಚಿನಲ್ಲೇ, ಅವರಿಗೆ ಸಂಬಂಧ ಇಲ್ಲದ ಪ್ರಯೋಗಾಲಯದಲ್ಲಿ. ಆರ್ಸೆನಿಕ್, ಸೀಸ, ಪಾದರಸ, ಸಲ್ಫೇಟ್, ಪಿಎಚ್ ಇಷ್ಟಂತೂ ಇರಲಿ. ಆ ಕಾಗದವನ್ನು ಜೋಪಾನವಾಗಿ ಇಡಿ. ಹತ್ತು ವರ್ಷದ ಮೇಲೆ ನೀರು ಕೆಟ್ಟಿದೆ ಅಂತ ನೀವು ಹೋದಾಗ ಬರುವ ಮೊದಲ ಉತ್ತರ “ಇಲ್ಲಿಯ ನೀರಲ್ಲಿ ಮೊದಲಿಂದಲೂ ಆರ್ಸೆನಿಕ್ ಇತ್ತು” ಅಂತ. ಚಿನ್ನ ಇರುವ ನೆಲದಲ್ಲಿ ಅದು ಕೆಲವೊಮ್ಮೆ ನಿಜವೂ ಆಗಿರುತ್ತದೆ. ಎಷ್ಟಿತ್ತು ಅನ್ನುವುದು ನಿಮ್ಮ ಕೈಯಲ್ಲಿ ಬರಹದಲ್ಲಿ ಇರಬೇಕು.